ಗಾಲಿಮನೆ ಮೂರ್ತಪ್ಪನ ತಾಮ್ರದ ರಿವಿಟ್ಟು

ಹುಲಿಯಪ್ಪನ ಅಣ್ಣ ಮೂರ್ತಪ್ಪ ದೊಡ್ಡ ಬುರುಡೆ ಆಸಾಮಿ. ಗಾಜನೂರಿನ ಹತ್ತಿರ ತುಂಗೆಗೆ ಗಾಳ ಹಾಕಿ ಕೂತಿದ್ದ ತನ್ನನ್ನು ಒಂದು ಮೀನು ಎಳೆದುಕೊಂಡು ಹೋಗಿ, ಕೂಡ್ಲಿಯ ಸಂಗಮದಲ್ಲಿ ತಿರುಗಿಕೊಂಡು, ಭದ್ರೆಯ ನೀರಿಗೆ ಎದುರಾಗಿ ಈಜಿ, ಭದ್ರಾವತಿಯ ಹಳೇ ಸೇತುವೆಯ ಕೆಳಗೆ ಮನೆಗೆ ಹತ್ತಿರವಾಗುವ ಹಾಗೆ ಇಳಿಸಿಹೋಯಿತು ಎಂದು ಅವನು ಹೇಳಿದಾಗ ಜನ ಕೇಳಿದ್ದು ಒಂದೇ ಪ್ರಶ್ನೆ: ಮೀನು ಎಷ್ಟು ಕೆ.ಜಿ. ಇತ್ತು? ಹೀಗೆ ಅವನು ಹೇಳಿದ್ದನ್ನೆಲ್ಲ ಒಪ್ಪಿಕೊಂಡ ಊರು ಒಂದನ್ನು ಮಾತ್ರ ಒಪ್ಪಲಿಲ್ಲ. ಆ ಒಂದರಿಂದ ಅವನ ಕೆಲಸ ಹೋಯಿತು, ಹೆಸರು ಹೋಯಿತು, ಹನ್ನೆರಡು ವರ್ಷದ ಮೇಲೆ ಅವನೂ ಹೋದ.

ಅದು ಅರವತ್ತೇಳನೇ ಇಸವಿ. ಭದ್ರಾವತಿಯಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡೊಂದಿತ್ತು. ಮೂರ್ತಪ್ಪ ಅಲ್ಲಿ ರಿವಿಟ್ಟು ಹೊಡೆಯುವ ಮೇಸ್ತ್ರಿ. ಹತ್ತೊಂಬತ್ತು ವರ್ಷದ ಹುಲಿಯಪ್ಪ ಅವನ ಎದುರಾಳು. ಅಂದರೆ, ಅಣ್ಣ ತಗಡಿನ ಹೊರಗಿನಿಂದ ಹೊಡೆಯುವಾಗ ಒಳಗಿನಿಂದ ರಿವಿಟ್ಟಿನ ಬಾಲಕ್ಕೆ ಕಬ್ಬಿಣದ ತುಂಡು ಒತ್ತಿ ಹಿಡಿಯುವುದು ಅವನ ಕೆಲಸ. ಎದುರಾಳಿಲ್ಲದೆ ರಿವಿಟ್ಟು ಕೂರುವುದಿಲ್ಲ. ಇದು ಶೆಡ್ಡಿನಲ್ಲಿ ಟೀ ತರುವವನಿಗೂ ಗೊತ್ತಿದ್ದ ವಿಷಯ.

ಒಂದು ದಿನ ನೋಡಿದರೆ ಅಲ್ಯೂಮಿನಿಯಂ ತಗಡಿನ ರಾಶಿ ಅರ್ಧಕ್ಕರ್ಧ ಕರಗಿತ್ತು. ಶೆಡ್ಡಿಗೆ ಇಬ್ಬರು ಪಾಲುದಾರರು, ತಗಡು ಇಬ್ಬರ ದುಡ್ಡಿನದು. ಅದರಲ್ಲೊಬ್ಬರು ಶಿವಮೊಗ್ಗದ ಶಿವಯೋಗಿ ಯಜಮಾನರು. ಇಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಆಳುಗಳೆಲ್ಲ ಸುತ್ತ ನಿಂತರು. ಲಾರಿಗೆ ತಗಡು ಏರಿಸಿದ್ದು ಮೂರ್ತಪ್ಪನೇ ಎಂದು ಆಳುಗಳಲ್ಲಿ ಇಬ್ಬರು ಹೇಳಿದರು. ಮೂರ್ತಪ್ಪ ಕೈ ಕಟ್ಟಿಕೊಂಡು ಮುಂದೆ ಬಂದ.

“ಕದ್ದಿಲ್ಲ ಸ್ವಾಮಿ. ಶಿವಯೋಗಿ ಯಜಮಾನ್ರೇ ಹೇಳಿದ್ರು, ಅವರ ಗಾಜನೂರಿನ ಗೋಡೌನಲ್ಲಿ ಗಾಲಿ ಮೇಲೆ ಒಂದು ಮನೆ ಕಟ್ಟಿದೀನಿ. ಭಾನುವಾರ ಭಾನುವಾರ ಹೋಗಿ ಕಟ್ಟಿದ್ದು. ತಗಡೆಲ್ಲ ಅದ್ರಲ್ಲೈತೆ.”

ಶಿವಯೋಗಿ ಯಜಮಾನರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ. “ಗಾಲಿ ಮೇಲೆ ಮನೆಯಾ? ನಾನೇನು ಸರ್ಕಸ್ ಕಂಪ್ನಿ ಇಟ್ಟಿದೀನೇನೋ?”

“ಒಬ್ನೇ ಕಟ್ಟಿದ್ಯಾ? ಒಳಗಿಂದ ಹಿಡಿದೋರು ಯಾರು?” ಎಂದು ಇನ್ನೊಬ್ಬ ಪಾಲುದಾರರು ಕೇಳಿದರು.

“ನನ್ ಕಾಲು” ಅಂದ ಮೂರ್ತಪ್ಪ. “ಮಾಡು ಹಾಕೋಕ್ ಮುಂಚೆ ಗೋಡೆ ಮೇಲೆ ಕುದುರೆ ಹತ್ತಿದಂಗೆ ಕೂತ್ಕೊಂಡು, ಒಳಗಿನ ಕಾಲಿಗೆ ಕಬ್ಬಿಣ ಕಟ್ಕೊಂಡು ಹೊಡೆದೆ.”

ಎಲ್ಲರ ಕಣ್ಣೂ ಹುಲಿಯಪ್ಪನ ಕಡೆಗೆ ತಿರುಗಿತು. ದಿನಾ ಹಿಡಿಯುವವನು ಅವನೇ ತಾನೇ. “ನೀನು ನೋಡಿದ್ಯೇನೋ ಆ ಮನೇನಾ?” ಹುಲಿಯಪ್ಪ ನೋಡಿರಲಿಲ್ಲ. ಒಂದು ಭಾನುವಾರ ಅಣ್ಣ “ಬಾರೋ, ಹಿಡಿಯೋಕೆ ಜನ ಬೇಕು” ಎಂದು ಕರೆದಿದ್ದ. ಇವನು ಹೊಟ್ಟೆನೋವೆಂದು ಹೇಳಿ ಮ್ಯಾಟಿನಿಗೆ ಹೋಗಿದ್ದ. ಈಗ ಅದನ್ನೆಲ್ಲ ಹೇಳಬಹುದಿತ್ತು. ಆದರೆ ಅವನ ಕಣ್ಣ ಮುಂದೆ ಅಣ್ಣ ಗೋಡೆಯ ಮೇಲೆ ಕುದುರೆ ಸವಾರಿ ಮಾಡುತ್ತ ಕಾಲಿಗೆ ಕಬ್ಬಿಣ ಕಟ್ಟಿಕೊಂಡ ಚಿತ್ರ ಬಂತು, ಅದರ ಹಿಂದೆಯೇ ಆ ಮೀನೂ ಬಂತು. ಅವನು ನಕ್ಕುಬಿಟ್ಟ.

ಮೊದಲು ನಕ್ಕವನು ಅವನೇ. ಅವನ ಹಿಂದೆ ಇಡೀ ಶೆಡ್ಡು ನಕ್ಕಿತು. ಮಾರನೇ ದಿನ ಗಾಜನೂರಿಗೆ ಹೋಗಿ ನೋಡಿದವರಿಗೆ ಗೋಡೌನಿನಲ್ಲಿ ಚೀಲಗಳು ಸಿಕ್ಕವು, ಬಾವಲಿಗಳು ಸಿಕ್ಕವು. ಮನೆ ಸಿಗಲಿಲ್ಲ. ಅಲ್ಲಿಗೆ ಮೂರ್ತಪ್ಪ ಕಳ್ಳನಾದ. ಕಳ್ಳ ಎಂದರೆ ಜನ ನಾಲ್ಕು ದಿನಕ್ಕೆ ಮರೆಯುತ್ತಾರೆ. ಇವನಿಗೆ ‘ಗಾಲಿಮನೆ ಮೂರ್ತಪ್ಪ’ ಎಂದು ಹೆಸರು ಬಿತ್ತು, ಅದನ್ನು ಮಾತ್ರ ಯಾರೂ ಮರೆಯಲಿಲ್ಲ.

ಮೂವತ್ತು ವರ್ಷ ಕಳೆಯಿತು. ಹುಲಿಯಪ್ಪ ಭದ್ರಾವತಿಯಲ್ಲೇ ಸಣ್ಣದೊಂದು ಬಾಡಿ ರಿಪೇರಿ ಅಂಗಡಿ ಇಟ್ಟುಕೊಂಡ. ಪ್ರತಿ ದೀಪಾವಳಿಗೆ ಮಲವಗೊಪ್ಪದಲ್ಲಿದ್ದ ಅತ್ತಿಗೆ ಲಿಂಗಮ್ಮನಿಗೆ ಒಂದು ಸೀರೆ ಕೊಟ್ಟು ಬರುತ್ತಿದ್ದ. ಯಾಕೆ ಕೊಡುತ್ತೀಯ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ತೊಂಬತ್ತೇಳರಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯಿಂದ ಕರೆ ಬಂತು. ಶಿವಯೋಗಿ ಯಜಮಾನರ ಮಗ ಚಂದ್ರಶೇಖರಪ್ಪ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸುವುದಕ್ಕೆಂದು ಅಪ್ಪನ ಇನ್ನೊಂದು ಹಳೇ ಗೋಡೌನು ಕೆಡವಿಸುತ್ತಿದ್ದರು. ಹಿಂದಿನ ಗೋಡೆ ಬಿದ್ದಾಗ, ಕೊಳೆತ ಚೀಲಗಳ ಗುಡ್ಡದ ಕೆಳಗೆ ಏನೋ ಒಂದು ಹೊಳೆಯಿತಂತೆ.

ಹುಲಿಯಪ್ಪ ಹೋಗಿ ನೋಡಿದ. ಎರಡು ಗಾಲಿ. ಅದರ ಮೇಲೆ ಮೊಟ್ಟೆಯಾಕಾರದ ತಗಡಿನ ಕೋಣೆ. ಒಂದು ಬಾಗಿಲು, ಮೂರು ಕಿಟಕಿ, ಒಳಗೆ ಎರಡು ಮಲಗುವ ಹಲಗೆ. ಮೇಲೆ ಎಷ್ಟೋ ಪದರ ಹಸಿರು ಬಣ್ಣ. ಗಾಡಿಯ ಹಿಂದೆ ಕಟ್ಟಿ ಎಳೆಯುವುದಕ್ಕೆ ಮುಂದೊಂದು ಕೊಕ್ಕೆ.

ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಗೊತ್ತಾದದ್ದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಅವನಿಗೆ ಎರಡು ತಿಂಗಳು ಹಿಡಿಯಿತು. ಯಾಕೆಂದರೆ ಅಷ್ಟರಲ್ಲಿ ಚಂದ್ರಶೇಖರಪ್ಪ ಅವನಿಗೊಂದು ದಾರಿ ತೋರಿಸಿಬಿಟ್ಟರು.

“ಇದು ಲಂಡನ್ದು ಹುಲಿಯಪ್ಪ. ಯಾರೋ ಎಸ್ಟೇಟ್ ದೊರೆ ಊರಿಗೆ ವಾಪಸ್ ಹೋಗುವಾಗ ನಮ್ಮಪ್ಪಂಗೆ ಕೊಟ್ಟು ಹೋಗಿದ್ದಂತೆ. ಅಪ್ಪನೇ ಹೇಳ್ತಿದ್ರು. ಮೈಸೂರಲ್ಲಿ ಹಳೇ ಕಾರು ಕೂಡಿಡೋ ಸಾಹೇಬ್ರೊಬ್ರು ಇದಾರೆ, ಫೋಟೋ ನೋಡಿ ಕುಣಿದ್ರು. ಬರೀ ಇದು ಎಲ್ಲೀದು ಅಂತ ಗಟ್ಟಿ ಮಾಡ್ಕೊಂಡು ರಿಪೇರಿ ಮಾಡ್ಸಿ ಕೊಡಿ ಅಂದಿದಾರೆ. ನಿಮಗೆ ಏನನ್ಸುತ್ತೆ?”

“ಲಂಡನ್ದೇ ಸ್ವಾಮಿ” ಅಂದ ಹುಲಿಯಪ್ಪ. “ನಮ್ಮೋರ ಕೈ ಕೆಲಸ ಅಲ್ಲ ಇದು.”

ಲಂಡನ್ದಾಗಿದ್ದರೆ ಅಣ್ಣ ಬುರುಡೆಯವನು, ತಾನು ನಕ್ಕದ್ದು ಸರಿ. ಅಲ್ಲದಿದ್ದರೆ ಒಬ್ಬ ಮನುಷ್ಯನನ್ನು ಹನ್ನೆರಡು ವರ್ಷ ನಕ್ಕು ನಕ್ಕೇ ಕೊಂದ ಹಾಗೆ. ಹುಲಿಯಪ್ಪ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಆ ಗಾಡಿಯನ್ನು ಇಂಚಿಂಚಾಗಿ ಲಂಡನ್ದು ಮಾಡುತ್ತಾ ಹೋದ.

ಕೆಳಗೆ ತೆವಳಿ ನೋಡಿದರೆ ಗಾಲಿಯ ಅಚ್ಚು ಹಳೇ ಜೀಪಿನದು. ಯುದ್ಧದಲ್ಲಿ ಅಮೆರಿಕದವರು ಇಂಗ್ಲೆಂಡಿನವರಿಗೆ ಜೀಪು ಕೊಟ್ಟಿದ್ದರಂತಲ್ಲ, ಅದರದೇ ಇರಬೇಕು. ನೆಲದ ಹಲಗೆ ಕಿತ್ತರೆ ಮತ್ತಿ ಮರ. ನಮ್ಮ ಕಾಡೆಲ್ಲ ಕಡಿದು ಹಡಗಿನಲ್ಲಿ ಸಾಗಿಸಿದವರಿಗೆ ಒಂದು ಹಲಗೆ ಸಿಗಲಿಲ್ಲವೇ. ಮೂರು ಕಿಟಕಿಯಲ್ಲಿ ಎರಡು ನಿಂತವರ ಕಣ್ಣಿಗೆ ಸರಿಯಾಗಿದ್ದವು. ಮೂರನೆಯದು ಮಲಗುವ ಹಲಗೆಯಿಂದ ಒಂದು ಗೇಣು ಮೇಲೆ, ಯಾವ ಕೆಲಸಕ್ಕೂ ಬಾರದ ಕಡೆ ಇತ್ತು.

“ಇದ್ಯಾಕೆ ಇಷ್ಟು ಕೆಳಗೆ?” ಎಂದು ಚಂದ್ರಶೇಖರಪ್ಪ ಕೇಳಿದರು.

“ನಾಯಿಗೆ” ಅಂದ ಹುಲಿಯಪ್ಪ, ಕಣ್ಣು ಮಿಟುಕಿಸದೆ. “ದೊರೆಗಳು ನಾಯೀನ ಜೊತೇಲೇ ಮಲಗಿಸ್ಕೋತಾರಲ್ಲ ಸ್ವಾಮಿ. ಅದೂ ಹೊರಗೆ ನೋಡ್ಬೇಕಲ್ಲ.”

ಚಂದ್ರಶೇಖರಪ್ಪ ಇದನ್ನು ಮೈಸೂರಿಗೆ ಫೋನು ಮಾಡಿ ಹೇಳಿದರು. ಮೈಸೂರಿನ ಸಾಹೇಬರು, ತಮಗೂ ಹಾಗೇ ಅನಿಸಿತ್ತು ಅಂದರಂತೆ. ಅಂದಿನಿಂದ ಅದು ನಾಯಿ ಕಿಟಕಿಯೇ ಆಯಿತು.

ಹಳೇ ರಿವಿಟ್ಟುಗಳೆಲ್ಲ ಸಡಿಲಾಗಿದ್ದವು. ಒಂದೊಂದನ್ನೇ ಡ್ರಿಲ್ಲಿನಲ್ಲಿ ಕೊರೆದು ತೆಗೆದು ಡಾಲ್ಡಾ ಡಬ್ಬಕ್ಕೆ ಹಾಕಿ, ಹೊಸದು ಹೊಡೆಯುತ್ತ ಬಂದ. ಕೆಳಗಿನ ಸಾಲುಗಳ ಬಾಲಗಳು ಒಳಗಡೆ ಎಲ್ಲ ಒಂದೇ ದಿಕ್ಕಿಗೆ, ಗಾಳಿಗೆ ಬಗ್ಗಿದ ಪೈರಿನ ಹಾಗೆ ವಾಲಿದ್ದವು. ಎದುರಾಳು ನೆಟ್ಟಗೆ ಹಿಡಿದಿದ್ದರೆ ಹೀಗೆ ವಾಲುವುದಿಲ್ಲ. ‘ಇಂಗ್ಲೆಂಡಲ್ಲೂ ಮೈಗಳ್ಳರಿದಾರೆ’ ಎಂದುಕೊಂಡು ಎಲ್ಲವನ್ನೂ ಕೊರೆದು ಹಾಕಿದ. ಕೊರೆಯುವಾಗ ಯಾಕೋ ಅವಸರ ಮಾಡಿದ. ಬಾಗಿಲಿನ ಪಕ್ಕದಲ್ಲಿ ಒಂದು ಕಡೆ ತಗಡು ಬಿಳಿ ಪುಡಿಯಾಗಿ ಹುಣ್ಣಿನ ಹಾಗೆ ತಿಂದುಹೋಗಿತ್ತು. ಅದರ ಮೇಲೆ ಅಂಗೈ ಅಗಲದ ತೇಪೆ ಹಾಕಿ ಮುಚ್ಚಿದ. ಹೊಸ ಟೈರು, ಹೊಸ ನೆಲ, ಕೆನೆ ಬಣ್ಣ. ಎರಡು ತಿಂಗಳಿಗೆ ಗಾಡಿ ಮದುಮಗನಂತೆ ನಿಂತಿತು.

ಕೊನೆಯ ದಿನ ಡಾಲ್ಡಾ ಡಬ್ಬ ಗುಜರಿಗೆ ಹಾಕುವುದಕ್ಕೆಂದು ಗೋಣಿಚೀಲದ ಮೇಲೆ ಸುರಿದ. ಅಷ್ಟೂ ಬೂದುಬಣ್ಣದ ಅಲ್ಯೂಮಿನಿಯಂ ಚೂರುಗಳ ಮಧ್ಯೆ ಒಂದು ಕೆಂಪಗೆ ಇಣುಕಿತು. ತಾಮ್ರ.

ಹುಲಿಯಪ್ಪ ಅಲ್ಲೇ ಕೂತ.

ಭದ್ರಾವತಿಯ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಬಸ್ಸಿಗೆ ದೃಷ್ಟಿಯಾಗಬಾರದು ಎಂದು ಮೇಸ್ತ್ರಿ ಸಾವಿರಾರು ರಿವಿಟ್ಟಿನ ಮಧ್ಯೆ ತಾಮ್ರದ್ದೊಂದನ್ನು ಹೊಡೆದು ಮೇಲೆ ಬಣ್ಣ ಬಳಿಯುತ್ತಿದ್ದ. ಮಾಲೀಕರಿಗೆ ಹೇಳುತ್ತಿರಲಿಲ್ಲ. ತಾಮ್ರ ಮುಟ್ಟಿದ ಕಡೆ ಅಲ್ಯೂಮಿನಿಯಂ ವರ್ಷಾನುಗಟ್ಟಲೆ ನಿಧಾನಕ್ಕೆ ಕೊಳೆಯುತ್ತದೆ; ಬರುವ ಕೆಡುಕೆಲ್ಲ ಅಲ್ಲೊಂದೇ ಕಡೆ ತೀರಿಹೋಗಲಿ ಎಂಬುದು ಲೆಕ್ಕಾಚಾರ. ಒಬ್ಬೊಬ್ಬ ಮೇಸ್ತ್ರಿಗೆ ಒಂದೊಂದು ಜಾಗ. ಒಬ್ಬನದು ಡ್ರೈವರ್ ತಲೆಯ ಮೇಲೆ, ಇನ್ನೊಬ್ಬನದು ಏಣಿಯ ಕೆಳಗೆ. ಮೂರ್ತಪ್ಪನದು ಬಾಗಿಲಿನ ಎಡಕ್ಕೆ ನಾಲ್ಕು ಬೆರಳು, ಹೊಕ್ಕುಳಿನ ಮಟ್ಟಕ್ಕೆ. ಇದು ಅವನ ಎದುರಾಳು ಹುಲಿಯಪ್ಪನಿಗೆ ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಹುಲಿಯಪ್ಪ ಎದ್ದು ತಾನೇ ಹಾಕಿದ ತೇಪೆಯ ಮುಂದೆ ನಿಂತ. ಬಾಗಿಲಿನಿಂದ ಬೆರಳಿಟ್ಟು ಅಳೆದ. ನಾಲ್ಕು. ಹೊಕ್ಕುಳು ನೋಡಿಕೊಂಡ. ಆಮೇಲೆ ಒಳಗೆ ಹೋದ. ಒಂದು ಮೂಲೆಯಲ್ಲಿ ಬಿಟ್ಟುಹೋಗಿದ್ದ ಏಳೆಂಟು ಹಳೇ ರಿವಿಟ್ಟಿನ ವಾಲಿದ ಬಾಲಗಳ ಮೇಲೆ ಮೊದಲು ಕೈ ಇಟ್ಟ, ಸರಿಹೋಗಲಿಲ್ಲ. ಚಪ್ಪಲಿ ಬಿಟ್ಟು ಕಾಲಿಟ್ಟ. ಹಿಮ್ಮಡಿ ಸರಿಯಾಗಿ ಕೂತಿತು.

ಅವನು ಚಂದ್ರಶೇಖರಪ್ಪನವರ ಮುಂದೆ ಆ ರಿವಿಟ್ಟನ್ನು ಇಟ್ಟು ಎಲ್ಲ ಹೇಳಿದ. ಮೀನಿನ ಕಥೆ ಬಿಟ್ಟು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಕೆಟ್ಟ ಮನುಷ್ಯರೇನಲ್ಲ.

“ಅಪ್ಪ ಒಂದ್ಸಲ ಇದರಲ್ಲಿ ಕೂತು ಹೊಳೆ ಕಡೆ ಹೋದ್ರು, ಕೆಸರಲ್ಲಿ ಹೂತ್ಕೊಂತು, ಆಮೇಲೆ ಮುಟ್ಲಿಲ್ಲ. ಒಂದಿನ ರಾತ್ರೋರಾತ್ರಿ ಗಾಜನೂರಿಂದ ಇಲ್ಲಿಗೆ ಎಳೆಸಿ ತಂದು ಚೀಲ ಮುಚ್ಚಿಸಿದ್ರು. ನಾನು ಸಣ್ಣೋನು, ಅಷ್ಟೇ ಗೊತ್ತು” ಅಂದರು. ರಿವಿಟ್ಟನ್ನು ವಾಪಸ್ ಕೊಡುತ್ತ, “ನಿಮ್ಮಣ್ಣ ತೀರ್ಕೊಂಡು ಎಷ್ಟು ವರ್ಷ ಆಯ್ತು?”

“ಹದಿನೆಂಟು.”

“ನಮ್ಮಪ್ಪ ಹೋಗಿ ಇಪ್ಪತ್ತು. ಇನ್ನು ಅವರಿಬ್ಬರನ್ನ ಕೂರಿಸಿ ಕೇಳೋದು ಯಾರು ಹುಲಿಯಪ್ಪ?” ಮೇಜಿನ ಡ್ರಾಯರಿನಿಂದ ಹಿತ್ತಾಳೆಯ ಫಲಕವೊಂದನ್ನು ತೆಗೆದು ಮುಂದೆ ತಳ್ಳಿದರು. ‘ಮೇಡ್ ಇನ್ ಇಂಗ್ಲೆಂಡ್, 1948’ ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಾಡಿಸಿದ್ದು. “ಲಂಡನ್ದು ಅಂತ ಗಟ್ಟಿ ಮಾಡಿದ್ದು ನೀವೇ. ನಾಯಿ ಕಿಟಕಿ ಅಂದಿದ್ದೂ ನೀವೇ. ಈಗ ಅಲ್ಲ ಅಂದ್ರೆ ಮೈಸೂರಿನೋರು ನನ್ನ ನೋಡಿ ನಗ್ತಾರೆ. ನಾಳಿದ್ದು ಗಾಡಿ ತಗೊಂಡ್ ಹೋಗೋಕೆ ಬರ್ತಾರೆ. ಇದನ್ನ ಹೊಡೆದುಬಿಡಿ.”

ನಗುತ್ತಾರೆ ಎಂಬ ಮಾತು ಕೇಳಿ ಹುಲಿಯಪ್ಪ ಫಲಕ ಎತ್ತಿಕೊಂಡ. “ಹೊಡೀತೀನಿ ಸ್ವಾಮಿ. ಅದಕ್ಕೆ ಮುಂಚೆ ಒಂದ್ಸಲ ರೋಡಲ್ಲಿ ಓಡ್ಸಿ ನೋಡ್ಬೇಕು. ಭದ್ರಾವತಿ ತನಕ ಹೋಗಿ ಬರ್ತೀನಿ.”

ಮರುದಿನ ಬೆಳಿಗ್ಗೆ ಚಂದ್ರಶೇಖರಪ್ಪನವರ ಜೀಪಿಗೆ ಗಾಡಿ ಕಟ್ಟಿದರು. ಡ್ರೈವರ್ ಆನಂದ್. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಪೋಲಿಯೋ ಹನಿ ಹಾಕುವ ಗಾಡಿ ಎಂದು ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಸ್ವಲ್ಪ ದೂರ ಓಡಿಬಂದಳು. ಮಲವಗೊಪ್ಪ ಬಂದಾಗ ಹುಲಿಯಪ್ಪ, “ಎಡಕ್ಕೆ ತಗೋ” ಅಂದ.

“ಭದ್ರಾವತಿ ನೆಟ್ಟಗಲ್ವಾ ಮಾರಾಯ್ರೇ?”

“ತಗೋ ಮಾರಾಯ, ತಿರುಗುತ್ತಾ ಇಲ್ವಾ ನೋಡ್ಬೇಕು.”

ಲಿಂಗಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಅರವತ್ತು ದಾಟಿತ್ತು. ಜೀಪು ನಿಂತಾಗ ತಲೆ ಎತ್ತಿ ಮೈದುನನನ್ನು ನೋಡಿದಳು, ಅವನ ಹಿಂದಿದ್ದ ಕೆನೆ ಬಣ್ಣದ ಮೊಟ್ಟೆಯನ್ನು ನೋಡಿದಳು.

“ಏನೋ ಹುಲಿಯಾ ಇದು? ಐಸ್ ಕ್ಯಾಂಡಿ ಶುರು ಮಾಡಿದ್ಯಾ?”

ಹುಲಿಯಪ್ಪ ದಾರಿಯುದ್ದಕ್ಕೂ ಹತ್ತು ಥರ ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಇಷ್ಟೇ: “ಅತ್ತಿಗೆ, ಅಣ್ಣ ಕಟ್ಟಿದ್ದು ಇದೇ.”

ಲಿಂಗಮ್ಮನ ಕೈಯಲ್ಲಿದ್ದ ತೆಂಗಿನ ನಾರು ಪಾತ್ರೆಯ ಮೇಲೆ ಇನ್ನೂ ಎರಡು ಸುತ್ತು ತಿರುಗಿತು. ಆಮೇಲೆ ನಿಂತಿತು. ಅವಳು ಹತ್ತಿರ ಬರಲಿಲ್ಲ. ಕೂತಲ್ಲಿಂದಲೇ ಕೇಳಿದಳು.

“ಮಲಗೋ ಕಡೆ ಒಂದು ಕಿಟಕಿ ಕೆಳಗೈತಾ?”

ಹುಲಿಯಪ್ಪ ಗಾಡಿಯ ಕಡೆ ತಿರುಗಿ ನೋಡಿದ. “ಐತೆ.”

“ಮಲಗಿದ್ರೆ ಹೊಳೆ ಕಾಣ್ಬೇಕು ಅಂತ ಇಟ್ಟೆ ಅಂತಿದ್ರು ನಿಮ್ಮಣ್ಣ. ಯಜಮಾನ್ರ ಹೆಂಡ್ತಿಗೆ ಮಂಡಿನೋವಂತೆ, ಎದ್ದು ಕೂರೋಕೆ ಕಷ್ಟ ಅಂತೆ. ಮನೇಲಿ ನನ್ನ ಮಲಗಿಸಿ ಅಳತೆ ತಗೊಂಡು ಹೋಗಿದ್ರು.” ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು. “ನಾನು ನಂಬ್ಲಿಲ್ಲ.”

ಹುಲಿಯಪ್ಪ ಅಂದುಕೊಂಡಿದ್ದು ಬೇರೆ. ಅತ್ತಿಗೆ ಅಳಬಹುದು, ತನ್ನನ್ನು ಬಯ್ಯಬಹುದು, ಒಂದು ಏಟು ಹೊಡೆದರೂ ಸರಿ, ಅಷ್ಟಕ್ಕೆ ತನ್ನ ಹೊರೆ ಇಳಿಯುತ್ತದೆ ಎಂದುಕೊಂಡಿದ್ದ. “ಮೊದಲು ನಕ್ಕಿದ್ದು ನಾನು ಅತ್ತಿಗೆ” ಅಂದ.

“ನೀನು ಒಂದಿನ ನಕ್ಕೆ ಕಣೋ. ನಾನು ದಿನಾ ನಗ್ತಿದ್ದೆ. ಕುಡ್ಕೊಂಡು ಬಂದ್ರೆ ‘ಗಾಲಿಮನೇಲೇ ಹೋಗಿ ಮಲಗು’ ಅಂತ ಬಾಗ್ಲು ಹಾಕ್ತಿದ್ದೆ. ಕೊನೇ ದಿನ ನೀರು ಕೇಳಿದ್ರು. ‘ನಿನ್ನ ಗಾಲಿಮನೇಲಿ ನಲ್ಲಿ ಇಟ್ಟಿಲ್ವಾ’ ಅಂದೆ. ತಮಾಷೆಗೇ ಅಂದಿದ್ದು. ನೀರೂ ಕೊಟ್ಟೆ.” ಅವಳು ಗಾಡಿಯ ಕಡೆ ನೋಡದೆ ಹೇಳಿದಳು, “ಬುರುಡೆಯೋನ ಹೆಂಡ್ತಿ ಅಂತ ಮೂವತ್ತು ವರ್ಷ ಹೆಂಗೋ ಆರಾಮಾಗಿದ್ದೆ. ಈಗ ಯಾಕೋ ಮಾರಾಯ ತಂದೆ ಇದನ್ನ?”

ಹುಲಿಯಪ್ಪ ಜೇಬಿನಿಂದ ತಾಮ್ರದ ರಿವಿಟ್ಟು ತೆಗೆದು ಕೊಡಲು ಹೋದ. ಅವಳು ಕೈ ಚಾಚಲಿಲ್ಲ. ಅಕ್ಕಪಕ್ಕದವರು ಸೇರತೊಡಗಿದ್ದರು. ಯಾರೋ ಒಳಗೆ ಹತ್ತಿ ನೋಡಬಹುದಾ ಎಂದು ಆನಂದನನ್ನು ಕೇಳುತ್ತಿದ್ದರು. ಲಿಂಗಮ್ಮ ಎದ್ದು ಬಂದು, ಬಾಗಿಲು ಹಿಡಿದು, ಒಂದು ಕಾಲು ಮೇಲಿಟ್ಟು ಒಳಗೆ ಹೋದಳು. ಆ ಕಿಟಕಿಯ ಪಕ್ಕದ ಹಲಗೆಯ ಮೇಲೆ ಮಲಗಿದಳು. ತಲೆ ಕಿಟಕಿಗೆ ಸರಿಯಾಗಿ ಬಂತು. ಹೊರಗೆ ಹೊಳೆ ಇರಲಿಲ್ಲ. ಅವಳದೇ ಅರ್ಧ ತೊಳೆದ ಪಾತ್ರೆಗಳಿದ್ದವು, ತೆರೆದೇ ಬಿಟ್ಟಿದ್ದ ನಲ್ಲಿ ಇತ್ತು. ತುಂಬ ಹೊತ್ತು ನೋಡಿದಳು.

ಇಳಿದು ಬಂದವಳು ನಲ್ಲಿ ನಿಲ್ಲಿಸಿದಳು. “ಈ ಸಲ ದೀಪಾವಳಿಗೆ ಸೀರೆ ತರ್ಬೇಡ” ಅಂದಳು. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅವತ್ತೇ ಸಂಜೆ ಸವಳಂಗ ರಸ್ತೆಯಲ್ಲಿ ಹುಲಿಯಪ್ಪ ತೇಪೆಯ ಮಧ್ಯೆ ರಂಧ್ರ ಕೊರೆದು ಒಂದು ಹೊಸ ತಾಮ್ರದ ರಿವಿಟ್ಟು ಹೊಡೆದ. ಒಳಗಿನಿಂದ ಹಿಡಿಯುತ್ತೇನೆ ಎಂದು ಬಂದ ಆನಂದನನ್ನು ಬೇಡವೆಂದು ಕಳಿಸಿ, ಹೊಸ್ತಿಲಿನ ಮೇಲೆ ಕುಂಡೆ ಊರಿ, ಒಳಗಿನ ಕಾಲಿಗೆ ಕಬ್ಬಿಣ ಕಟ್ಟಿಕೊಂಡು ಹೊಡೆದ. ಮೂರು ಸಲ ಜಾರಿತು, ಹಿಮ್ಮಡಿ ಕಿತ್ತು ರಕ್ತ ಬಂತು, ನಾಲ್ಕನೇ ಸಲ ಕೂತಿತು. ಬಾಲ ವಾಲಿತ್ತು. ಹೊರಗಡೆ ಅದರ ತಲೆಯ ಪಕ್ಕಕ್ಕೆ ಅಣ್ಣನ ಹಳೇ ರಿವಿಟ್ಟನ್ನೂ ಚಪ್ಪಟೆ ಬಡಿದು ಇಟ್ಟು, ಮೇಲೆ ಹಿತ್ತಾಳೆಯ ಫಲಕ ಮುಚ್ಚಿ ನಾಲ್ಕು ಮೂಲೆ ಬಿಗಿದ. ಮೇಡ್ ಇನ್ ಇಂಗ್ಲೆಂಡ್. ಮಾರನೇ ದಿನ ಗಾಡಿ ಮೈಸೂರಿಗೆ ಹೋಯಿತು. ಅಲ್ಲಿ ನಾಯಿ ಕಿಟಕಿಯ ಪಕ್ಕ ಒಂದು ಚೀಟಿ ಅಂಟಿಸಿದ್ದಾರಂತೆ, ನೋಡಲು ಬಂದವರೆಲ್ಲ ಬಗ್ಗಿ ಓದುತ್ತಾರಂತೆ.

ಆ ವಾರದಲ್ಲೇ ಹುಲಿಯಪ್ಪ ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಶೆಡ್ಡಿನಲ್ಲಿ ಕೆಲಸ ಮಾಡಿದ್ದ ನಾಲ್ಕು ಜನ ಮುದುಕರು ಟೀ ಕುಡಿಯುತ್ತಿದ್ದ ಮೇಜಿಗೆ ಹೋಗಿ ಕೂತ. ಅವತ್ತು ಅಂಗಳದಲ್ಲಿ ನಿಂತಿದ್ದವರೇ ಅವರು. ಅವರ ಮುಂದೆ ಒಂದೂ ಬಿಡದೆ ಹೇಳಿದ. ಗಾಡಿ ಸಿಕ್ಕಿತು, ಅಣ್ಣನ ಜಾಗದಲ್ಲಿ ತಾಮ್ರ ಇತ್ತು, ನಾನೇ ಕೈಯಾರೆ ಕೊರೆದು ತೆಗೆದೆ, ಅಣ್ಣ ಕದ್ದಿರಲಿಲ್ಲ.

ಮುದುಕರು ಮುಖ ಮುಖ ನೋಡಿಕೊಂಡರು.

“ಹೌದಾ? ಎಲ್ಲೈತಪ್ಪ ಈಗ ಗಾಡಿ?”

“ಮೈಸೂರಲ್ಲಿ.”

“ತಾಮ್ರದ ರಿವಿಟ್ಟು?”

“ಇಂಗ್ಲೆಂಡ್ ಬೋರ್ಡಿನ ಕೆಳಗೆ.”

“ಒಬ್ನೇ ಹೊಡೆದಿದ್ದು ಅಂತೀಯಲ್ಲ, ಒಳಗಿಂದ ಹಿಡಿದೋರು ಯಾರು?”

ಹುಲಿಯಪ್ಪ ಚಪ್ಪಲಿ ಬಿಟ್ಟು, ಹಿಮ್ಮಡಿಯ ಗಾಯ ಕಾಣುವ ಹಾಗೆ ಕಾಲನ್ನು ಬೆಂಚಿನ ಮೇಲೆತ್ತಿ ತೋರಿಸಿದ. ಅಷ್ಟಕ್ಕೆ ಮೂಲೆಯಲ್ಲಿ ಕೂತಿದ್ದವನೊಬ್ಬ ತಡೆಯಲಾರದೆ ಟೀ ಉಗುಳಿಕೊಂಡ. ಆಮೇಲೆ ಉಳಿದವರೂ ನಕ್ಕರು. ಗಲ್ಲಾದ ಮೇಲೆ ಕೂತವನಿಗೆ ವಿಷಯ ಗೊತ್ತಿರಲಿಲ್ಲ, ಅವನೂ ನಕ್ಕ.

ಹುಲಿಯಪ್ಪ ನಗುವವರೆಲ್ಲ ಮುಗಿಸುವ ತನಕ ಕಾಲನ್ನು ಹಾಗೇ ಇಟ್ಟುಕೊಂಡು ಕಾದ. ಮುಗಿದ ಮೇಲೆ ಮೊದಲಿನಿಂದ ಹೇಳತೊಡಗಿದ.